ಭಾರತಮ್ಮ ಕುಂಟಲಿಲ್ಲ

ಶ್ರೀನಿವಾಸಪುರದ ಸೀಮೆಯಲ್ಲಿ ಹೂವು ಎಂದರೆ ಮಾವಿನ ಹೂವು. ಮಿಕ್ಕ ಹೂವುಗಳಿಗೆ ಅಲ್ಲಿನ ಜನ ಒಂದೊಂದು ಕೆಲಸ ಹಚ್ಚಿದ್ದಾರೆ. ಚೆಂಡುಹೂವು ಮಾರುಕಟ್ಟೆಗೆ, ಕಣಗಿಲೆ ದೇವರಿಗೆ, ಕನಕಾಂಬರ ಜಡೆಗೆ. ಕೆಲಸವಿಲ್ಲದ ಹೂವಿಗೆ ಕಳೆ ಎಂದು ಹೆಸರು. ಕೆಲಸವಿಲ್ಲದೆ ನಡೆದಾಡುವ ಹೆಂಗಸಿಗೆ ಏನೆಂದು ಹೆಸರಿಡುತ್ತಾರೆ ಎಂಬುದನ್ನು ಇಲ್ಲಿ ಬರೆದು ಬಾಯಿ ಹೊಲಸು ಮಾಡಿಕೊಳ್ಳುವುದು ಬೇಡ. ನಲ್ಲಬಂಡಪಲ್ಲಿಯ ಭಾರತಮ್ಮನಿಗೆ ಊರು ಅದನ್ನೆಲ್ಲ ಅಂದದ್ದಾಯಿತು, ಅವಳು ಕೇಳಿದ್ದೂ ಆಯಿತು.

ಕಾರ್ಗಿಲ್ ಯುದ್ಧ ನಡೆದ ವರ್ಷ ಅದು. ಶ್ರಾವಣದ ಒಂದು ಬೆಳಿಗ್ಗೆ, ಐವತ್ತು ದಾಟಿದ್ದ ಭಾರತಮ್ಮ ಕೊಟ್ಟಿಗೆಯ ಗಂಜಲದಲ್ಲಿ ಜಾರಿ ಬಿದ್ದು ಎಡಗಾಲು ಮುರಿದುಕೊಂಡಳು. ಗಂಡ ಚನ್ನರಾಯಪ್ಪ ಕೆಟ್ಟವನಲ್ಲ. ಬಾಡಿಗೆ ಜೀಪು ಮಾಡಿ ಕೋಲಾರಕ್ಕೆ ಕರೆದೊಯ್ದ, ಕಾಲಿಗೆ ಸಿಮೆಂಟಿನ ಪಟ್ಟಿ ಹಾಕಿಸಿದ, ಊರಿಗೆ ಬಂದ ಮೇಲೆ ತಾನೇ ಹಾಲು ಕರೆದ. ದೀಪಾವಳಿಯ ಹೊತ್ತಿಗೆ ಡಾಕ್ಟರು ಪಟ್ಟಿ ಬಿಚ್ಚಿ, ಕಾಲನ್ನು ಅತ್ತಿತ್ತ ತಿರುಗಿಸಿ ನೋಡಿದರು.

“ದಿನಾ ಬೆಳಿಗ್ಗೆ ನಡೀಬೇಕಮ್ಮ. ಇಲ್ದಿದ್ರೆ ಕಾಲು ಹೀಗೇ ಬಿಗಿದುಕೊಂಡು ಬಿಡುತ್ತೆ.”

“ನಡೀತಾನೇ ಇರ್ತೀನಲ್ಲ ಸ್ವಾಮಿ. ಕೊಟ್ಟಿಗೆ, ಬಾವಿ, ಹೊಲ, ಡೈರಿ...”

“ಅದಲ್ಲ. ತಲೆ ಮೇಲೆ ಹೊರೆ ಇರಬಾರದು, ಸೊಂಟದಲ್ಲಿ ಬಿಂದಿಗೆ ಇರಬಾರದು. ಬರಿಗೈಲಿ ಸುಮ್ನೆ ನಡೀಬೇಕು.”

ಸುಮ್ಮನೆ ನಡೆಯುವುದು ಎಂದರೆ ಹೇಗೆ ಎಂದು ಭಾರತಮ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಬರಿಗೈಯಲ್ಲಿ ರಸ್ತೆಗಿಳಿದವಳಲ್ಲ. ಮೊದಲ ಕೆಲವು ದಿನ ನಾಚಿಕೆಯಾಗಿ ಒಂದು ಖಾಲಿ ಮಂಕರಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ನೋಡಿದವರು ಹುಲ್ಲಿಗೆ ಹೊರಟಳು ಅಂದುಕೊಳ್ಳಲಿ ಎಂದು. ಡೈರಿಗೆ ಹಾಲು ಹಾಕಿ, ಕೆರೆಯ ಏರಿ ಹತ್ತಿ, ಬೆಟ್ಟದ ಬುಡದವರೆಗೆ ಹೋಗಿ, ತಮ್ಮದೇ ಮಾವಿನ ತೋಟದ ಹಿಂದಿನಿಂದ ಬಳಸಿ ಮನೆಗೆ ಬರುವ ದಾರಿ. ಎದುರುಮನೆಯ ಆಂಜಿನಮ್ಮ ಡೈರಿಯ ಸಾಲಿನಲ್ಲಿ ನಿಂತು ಅವಳನ್ನು ನೋಡಿ, “ಪಾಪ, ಕಾಲು ಇನ್ನೂ ಎಳೀತೈತಾ ಅಕ್ಕಯ್ಯ?” ಎನ್ನುತ್ತಿದ್ದಳು. ಭಾರತಮ್ಮ ಕುಂಟುತ್ತಾ, “ಏನ್ ಮಾಡೋದು, ಡಾಕ್ಟ್ರು ಹೇಳವ್ರೆ” ಎಂದು ಮುಂದೆ ಹೋಗುತ್ತಿದ್ದಳು. ಡಾಕ್ಟರ ಹೆಸರು ಹೇಳಿದರೆ ಊರಿನಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ಮಾಗಿಯ ಚಳಿ ಬಲಿಯಿತು. ಅವಳ ಕಾಲು ಬಲವಾಗುತ್ತಾ ಬಂತು, ಅದರ ಜೊತೆಗೆ ಕಣ್ಣೂ ತೆರೆದುಕೊಂಡಿತು. ಇದೇ ದಾರಿಯಲ್ಲಿ ಅವಳು ಮೂವತ್ತು ವರ್ಷ ಗೊಬ್ಬರ ಹೊತ್ತಿದ್ದಾಳೆ, ಹುಲ್ಲು ಹೊತ್ತಿದ್ದಾಳೆ, ಆಳುಗಳಿಗೆ ಮುದ್ದೆ ಹೊತ್ತಿದ್ದಾಳೆ. ತಲೆಯ ಮೇಲೆ ಹೊರೆ ಇದ್ದವರಿಗೆ ತಮ್ಮ ಕಾಲಿನ ಹೆಬ್ಬೆರಳು ಬಿಟ್ಟು ಬೇರೇನು ಕಾಣುತ್ತದೆ? ಈಗ ಕತ್ತು ತಿರುಗುತ್ತಿತ್ತು. ರಾಗಿ ಕೊಯ್ದ ಹೊಲದ ಅಂಚಿಗೆ ಉಳಿದ ಹುಚ್ಚೆಳ್ಳಿನ ಹಳದಿ ಕಂಡಿತು. ಇಬ್ಬನಿ ಬಿದ್ದ ಅವರೆ ಹೊಲದ ಸೊಗಡು ಮೂಗಿಗೆ ಬಂತು. ಬೇಲಿಯುದ್ದಕ್ಕೂ ತಂಗಡಿ ಹೂವು, ಕಾಲ ಬಳಿ ತುಂಬೆ, ಕೆರೆಯ ನೀರಿನಲ್ಲಿ ಎಲ್ಲಿಂದಲೋ ಬಂದಿಳಿದ ಬಾತುಗಳು. ಒಂದು ದಿನ ಅವಳು ಮಂಕರಿಯನ್ನು ಏರಿಯ ಮೇಲೆ ಮರೆತು ಬಂದಳು. ಮಾರನೆಯ ದಿನ ಅದು ಅಲ್ಲೇ ಇತ್ತು. ನೋಡಿದಳು, ಎತ್ತಿಕೊಳ್ಳಲಿಲ್ಲ.

ಅವಳಿಗೆ ಖುಷಿಯಾಗಿತ್ತು. ಮಗಳ ಮದುವೆಯಲ್ಲಿ ಆದ ಖುಷಿ ಬೇರೆ, ತೋಟ ಫಸಲು ಕೊಟ್ಟಾಗ ಆದ ಖುಷಿ ಬೇರೆ. ಅವುಗಳಲ್ಲಿ ಹತ್ತು ಜನರ ಪಾಲಿತ್ತು. ಇದು ಅವಳೊಬ್ಬಳದೇ.

ಆ ಹೂವು ಕಂಡದ್ದು ಅಂಥ ಒಂದು ಬೆಳಿಗ್ಗೆ. ತೋಟದ ಹಿಂಬದಿಯಲ್ಲಿ ಉಪ್ಪಿನಕಾಯಿ ಮಾವಿನ ಒಂದು ಹಳೆಯ ಮರವಿತ್ತು. ಅದರ ಕೆಳಗಿನ ಕೊಂಬೆಯ ಮೇಲೆ ಎರಡು ಸಾಲಿನಲ್ಲಿ ದಪ್ಪ ಎಲೆ ಜೋಡಿಸಿಕೊಂಡು ಒಂದು ಗಿಡ ಕೂತಿತ್ತು. ಬೆರಳು ಗಾತ್ರದ ಬಿಳಿ ಬೇರುಗಳು ತೊಗಟೆಯನ್ನು ತಬ್ಬಿಕೊಂಡಿದ್ದವು, ಕೆಲವು ಸುಮ್ಮನೆ ಗಾಳಿಯಲ್ಲಿ ಜೋತಾಡುತ್ತಿದ್ದವು. ಎಲೆಯ ಸಂದಿನಿಂದ ಒಂದು ಕಡ್ಡಿ ಹೊರಟು, ಅದರ ತುಂಬ ಹೂವು. ಹಸಿರು ಬೆರೆತ ಹಳದಿ ಎಸಳಿನ ಮೇಲೆ ಕಂದು ಗೆರೆಗಳು, ಥೇಟ್ ಅವಳ ಅಮ್ಮನ ಚೌಕಳಿ ಸೀರೆ. ನಡುವೆ ನೇರಳೆ ಬಣ್ಣದ ಪುಟ್ಟ ನಾಲಗೆ. ಈ ಗಿಡಗಳು ಬೇಸಿಗೆಯಲ್ಲಿ ಹೂ ಬಿಡುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಆ ಗಿಡಕ್ಕೆ ಪಂಚಾಂಗ ಗೊತ್ತಿರಲಿಲ್ಲ. ಭಾರತಮ್ಮ ತುದಿಗಾಲಿನಲ್ಲಿ ನಿಂತು ಮೂಸಿದಳು. ಹಣ್ಣಿನಂಥ ತೆಳ್ಳನೆಯ ವಾಸನೆ. ಮುರಿದ ಕಾಲಿನ ತುದಿಯಲ್ಲಿ ನಿಂತಿದ್ದೇನೆ ಎಂಬುದು ಅವಳಿಗೆ ಆಮೇಲೆ ನೆನಪಾಯಿತು. ನೋವಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗಂಡ ಹೆಂಡತಿ ಮತ್ತೆ ಕೋಲಾರಕ್ಕೆ ಹೋದರು. ಡಾಕ್ಟರು ಕಾಲನ್ನು ಒತ್ತಿ, ತಟ್ಟಿ, “ಪೂರ್ತಿ ಕೂಡಿಕೊಂಡಿದೆ. ಇನ್ಮೇಲೆ ನಡೀಲೇಬೇಕು ಅಂತೇನಿಲ್ಲ. ಹೊರೆ ಹೊರಬಹುದು” ಎಂದರು. ಚನ್ನರಾಯಪ್ಪನ ಮುಖ ಅರಳಿತು. ಭಾರತಮ್ಮನಿಗೆ ಯಾರೋ ಕೈಯಲ್ಲಿದ್ದುದನ್ನು ಕಿತ್ತುಕೊಂಡ ಹಾಗಾಯಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೋಲಾರದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತಿತ್ತು. ಭಾರತಮ್ಮ ಕೇಳದೆಯೇ ಒಳಗೆ ನುಗ್ಗಿದಳು, ಚನ್ನರಾಯಪ್ಪ ಚೀಲ ಹಿಡಿದು ಹಿಂದೆ ಬಂದ. ಕುಂಬಳಕಾಯಿಯಲ್ಲಿ ಕೆತ್ತಿದ ಗಣೇಶ, ಸೇವಂತಿಗೆಯ ಗೋಪುರ, ತೂಕಕ್ಕಿಟ್ಟ ಹಲಸು. ಅವನು ದಪ್ಪ ದಪ್ಪ ಬದನೆಕಾಯಿಯ ಹತ್ತಿರ ನಿಂತುಬಿಟ್ಟ. ಅವಳು ಕೊನೆಯ ಮೂಲೆಗೆ ಹೋದಳು. ಅಲ್ಲಿ ಹಗ್ಗದ ಹಿಂದೆ, ನೆರಳು ಬಟ್ಟೆಯ ಕೆಳಗೆ, ಇದ್ದಿಲು ತುಂಬಿದ ಕುಂಡಗಳಲ್ಲಿ ಬಣ್ಣಬಣ್ಣದ ಹೂವು. ಹೂವು ಬೇರೆ ಥರ ಇತ್ತು. ಆದರೆ ಆ ಎಲೆ, ಆ ಬೇರು ಅವಳಿಗೆ ಗೊತ್ತು.

“ಇದಕ್ಕೇನಂತಾರಮ್ಮ?” ಎಂದು ಅಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದಳು.

“ಆರ್ಕಿಡ್ ಅಂತ ಆಂಟಿ.”

“ನಮ್ಮ ಮಾವಿನ ಮರದ ಮೇಲೆ ಇದರ ಅಕ್ಕನೋ ತಂಗಿನೋ ಐತೆ.”

ಹುಡುಗಿ ನಕ್ಕಳು. “ಇರುತ್ತೆ. ಹಾಗೇ ಬಿಟ್ಬಿಡಿ, ಮರಕ್ಕೇನೂ ಆಗಲ್ಲ. ಅದು ಮರದ ಮೇಲೆ ಕೂತ್ಕೊಳ್ಳುತ್ತೆ ಅಷ್ಟೆ, ಮರದ್ದು ತಿನ್ನಲ್ಲ.”

“ಇದನ್ನ ಏನ್ ಮಾಡ್ತಾರೆ? ದೇವರಿಗೆ ಏರಿಸ್ತಾರಾ?”

“ಏನೂ ಮಾಡಲ್ಲ ಆಂಟಿ. ನೋಡ್ತಾರೆ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಭಾರತಮ್ಮನಿಗೆ ಅದೇ ಯೋಚನೆ. ನೋಡುವುದಕ್ಕೆಂದೇ ಒಂದು ಹೂವು, ಅದನ್ನು ನೋಡುವುದಕ್ಕೆಂದೇ ಸಾಲುಗಟ್ಟಿದ ಜನ. ಅಂದರೆ ಲೋಕದಲ್ಲಿ ಇದಕ್ಕೂ ಜಾಗವಿದೆ, ನಲ್ಲಬಂಡಪಲ್ಲಿಯಲ್ಲಿ ಮಾತ್ರ ಇಲ್ಲ.

ಮಾರನೆಯ ಬೆಳಿಗ್ಗೆ ಅವಳು ಹಾಲು ಹಾಕಿ ಏರಿಯ ಕಡೆ ತಿರುಗಿದಳು. ಚನ್ನರಾಯಪ್ಪ ಸೈಕಲ್ ಹಿಡಿದುಕೊಂಡು ಎದುರಿಗೆ ಬಂದ.

“ಎಲ್ಲಿಗೆ?”

“ನಡೆಯೋಕೆ.”

“ಡಾಕ್ಟ್ರು ಸಾಕು ಅಂದ್ರಲ್ಲೇ?”

“ಅವರು ಸಾಕು ಅಂದ್ರು. ನಂಗೆ ಸಾಕಾಗಿಲ್ಲ.”

ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಕಾಲು ನೆಟ್ಟಗಾಗಿದೆ, ಆದರೂ ಹೋಗುತ್ತಾಳೆ. ಮಂಕರಿ ಇಲ್ಲ, ಕುಡುಗೋಲಿಲ್ಲ, ಎರಡು ಕೈ ಬೀಸಿಕೊಂಡು ಹೋಗುತ್ತಾಳೆ. ಹೋಗಿ ಏನು ಮಾಡುತ್ತಾಳೆ? ಮರದ ಕೆಳಗೆ ನಿಂತು ಮೇಲೆ ನೋಡುತ್ತಾಳೆ. ಕಾರಣವಿಲ್ಲದೆ ಯಾರಾದರೂ ಮರ ನೋಡುತ್ತಾರೆಯೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಯಾರೋ ಒಬ್ಬ “ನಿಧಿ” ಎಂದ. ಕುರುಡುಮಲೆಯ ಕಡೆ ರಾಜರ ಕಾಲದ್ದು ಏನೇನೋ ಸಿಕ್ಕಿದೆಯಂತೆ ಎಂದು ಇನ್ನೊಬ್ಬ ಒಗ್ಗರಣೆ ಹಾಕಿದ. ಮೂರನೆಯವನು ಮುಳಬಾಗಿಲಿನಿಂದ ಅಂಜನ ಹಾಕಿ ನೋಡುವವನೊಬ್ಬನನ್ನು ಕರೆಸಿಯೇಬಿಟ್ಟ. ಅವನು ವೀಳ್ಯದೆಲೆಗೆ ಕಪ್ಪು ಸವರಿ, ಕಣ್ಣು ಕಿರಿದು ಮಾಡಿ, “ಮರದ ಬೇರಿನಲ್ಲಿ ತಾಮ್ರದ ಕೊಳಗ ಕಾಣ್ತಾ ಐತೆ” ಎಂದನಂತೆ. ಅಂಜನಕ್ಕೆ ತಾಮ್ರದ ಕೊಳಗ ಬಿಟ್ಟು ಬೇರೇನಾದರೂ ಕಂಡದ್ದುಂಟೇ!

ಒಂದು ಬೆಳಿಗ್ಗೆ ಭಾರತಮ್ಮ ಹೋಗಿ ನೋಡುತ್ತಾಳೆ, ಹಳೆಯ ಮಾವಿನ ಬುಡದಲ್ಲಿ ಆಳುದ್ದದ ಗುಂಡಿ. ಬೇರು ಅರ್ಧ ಕಡಿದಿದ್ದಾರೆ. ಮೇಲೆ ಹೂವು ತನ್ನ ಪಾಡಿಗೆ ತಾನಿದೆ. ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು, ಕೊನೆಗೆ ಸಿಟ್ಟು ಬಂದು ನಿಂತಿತು.

ಗುಂಡಿಯ ಸುದ್ದಿ ಕೇಳಿ ಚನ್ನರಾಯಪ್ಪ ಓಡಿ ಬಂದ. ಮಣ್ಣು ಮುಚ್ಚುತ್ತಾ ಊರಿನವರ ಮೂರು ತಲೆಮಾರನ್ನು ಬೈದ. ಬೈದು ದಣಿದು ಹೆಂಡತಿಯ ಕಡೆ ತಿರುಗಿದ.

“ನಿಜ ಹೇಳು. ಇಲ್ಲಿ ನಿಂತು ಏನು ನೋಡ್ತೀಯ?”

ಅವಳು ಕೈ ತೋರಿಸಿದಳು. ಅವನು ತಲೆಯೆತ್ತಿ ನೋಡಿ, ಥೂ ಎಂದು ಉಗುಳಿದ.

“ಬದನಿಕೆ! ಇಷ್ಟು ದಿನಾನೂ ನೀನು ಬದನಿಕೆ ನೋಡ್ತಿದ್ಯಾ?”

ಮಾವಿನ ಸೀಮೆಯವರಿಗೆ ಬದನಿಕೆ ಎಂದರೆ ಶನಿ. ಹಕ್ಕಿಯ ಹಿಕ್ಕೆಯಿಂದ ಕೊಂಬೆಗೆ ಅಂಟಿ, ಕೊಂಬೆಯೊಳಕ್ಕೇ ಬೇರಿಳಿಸಿ, ಮರದ ರಸ ಹೀರಿ ಮರವನ್ನೇ ಒಣಗಿಸುತ್ತದೆ. ಆದ್ದರಿಂದ ಮರದ ಮೇಲೆ ಮರದ್ದಲ್ಲದ ಎಲೆ ಯಾವುದು ಕಂಡರೂ ಅವರ ಕಣ್ಣಿಗೆ ಅದು ಬದನಿಕೆಯೇ. ಪ್ರತಿ ವರ್ಷ ಮಾವು ಹೂ ಬಿಡುವ ಹೊತ್ತಿಗೆ ದೋಟಿಗೆ ಕುಡುಗೋಲು ಕಟ್ಟಿ ಎಲ್ಲವನ್ನೂ ಎಳೆದು ಹಾಕುತ್ತಾರೆ. ಸೊಪ್ಪು ಮೇಕೆಗೆ. ಈ ಗಿಡ ಅದು ಹೇಗೋ ಇಷ್ಟು ವರ್ಷ ದೋಟಿಯ ಕಣ್ಣು ತಪ್ಪಿಸಿತ್ತು. ಹೀಗೆ ಆ ಸೀಮೆಯ ಜನ ತಲೆಮಾರುಗಳಿಂದ ಕಳ್ಳನ ಜೊತೆಗೆ ನೆಂಟನನ್ನೂ ಬಡಿದು ಓಡಿಸುತ್ತಾ ಬಂದಿದ್ದಾರೆ.

“ಬದನಿಕೆ ಅಲ್ಲ ಇದು,” ಎಂದಳು ಭಾರತಮ್ಮ. “ಬದನಿಕೆ ಕಚ್ಚಿದ ಕಡೆ ಕೊಂಬೆ ಗಂಟು ಕಟ್ಟುತ್ತೆ. ಇಲ್ಲಿ ಗಂಟೈತಾ ನೋಡಿ. ಕೋಲಾರದಲ್ಲಿ ಇದನ್ನ ಕುಂಡದಲ್ಲಿಟ್ಟು, ಹಗ್ಗ ಕಟ್ಟಿ ಕಾಯ್ತಾರೆ.”

“ಕೋಲಾರದೋರು ಏನು ಬೇಕಾದ್ರೂ ಕಾಯಲಿ. ಇನ್ನು ನಾಲ್ಕು ದಿನಕ್ಕೆ ಕೋದಂಡರಾಮಪ್ಪ ತೋಟ ನೋಡೋಕೆ ಬರ್ತಾನೆ. ಮರದ ಮೇಲೆ ಇದನ್ನ ಕಂಡ್ರೆ ಗುತ್ತಿಗೆ ಹಿಡೀತಾನಾ?”

“ಇಷ್ಟು ಮರ ಅವ್ನು ನೋಡ್ಲಿ. ಈ ಒಂದು ಕೊಂಬೆ ನಂಗೆ ಬಿಡಿ. ನಾನು ಈ ಮನೆಗೆ ಬಂದಾಗಿನಿಂದ ಬಾಯಿಬಿಟ್ಟು ಏನಾದ್ರೂ ಕೇಳಿದ್ದೀನಾ?”

ಚನ್ನರಾಯಪ್ಪ ಗುಂಡಿಯ ಮಣ್ಣನ್ನು ಕಾಲಿನಲ್ಲಿ ತುಳಿದು ಸಮ ಮಾಡಿದ. ಆಮೇಲೆ ದನದ ಸಂತೆಯಲ್ಲಿ ಮಾತಾಡುವ ಮೆತ್ತನೆಯ ದನಿಯಲ್ಲಿ ಹೇಳಿದ.

“ಸರಿ, ಬಿಡ್ತೀನಿ. ಕೋದಂಡರಾಮಪ್ಪನಿಗೆ ನಾನೇ ಏನೋ ಒಂದು ಹೇಳ್ಕೋತೀನಿ. ನೀನು ನಡೆಯೋಕೂ ಹೋಗು. ಆದ್ರೆ ಕಾಲು ಇನ್ನೂ ನೋವು ಅಂತ ಹೇಳು. ಜನರ ಮುಂದೆ ಸ್ವಲ್ಪ ಕುಂಟು.”

“ಏನಂದ್ರಿ?”

“ಕುಂಟು ಅಂದೆ. ಡೈರಿ ದಾಟೋ ತನಕ ಕುಂಟು. ಏರಿ ಹತ್ತಿದ ಮೇಲೆ ಬೇಕಾದ್ರೆ ಕುಣಿ, ಯಾರು ನೋಡ್ತಾರೆ? ನಾಲ್ಕು ಜನ ನನ್ನ ಕೇಳಿದ್ರೆ ಹೇಳೋಕೆ ನಂಗೂ ಒಂದು ಮಾತು ಬೇಕಲ್ಲೇ. ನನ್ ಹೆಂಡ್ತಿ ಹೂವು ನೋಡೋಕೆ ಹೋಗ್ತಾಳೆ ಅಂತ ಹೇಳಲಾ?”

ಬೇಡಿಕೆ ದೊಡ್ಡದೇನಲ್ಲ. ಡೈರಿಯವರೆಗೆ ನಾಲ್ಕು ಹೆಜ್ಜೆ ಸುಳ್ಳು, ಅದರಾಚೆ ಬೆಟ್ಟದವರೆಗೆ ಅವಳದೇ ರಾಜ್ಯ. ಊರಿನ ಅರ್ಧ ಹೆಂಗಸರು ಬದುಕುವುದೇ ಹಾಗೆ. ಹೊಟ್ಟೆನೋವು ಎಂದು ಮಲಗುತ್ತಾರೆ, ಹರಕೆ ಎಂದು ತಿರುಪತಿ ನೋಡುತ್ತಾರೆ, ಮೈಮೇಲೆ ಗಂಗಮ್ಮ ಬಂದಳೆಂದು ಅತ್ತೆಯನ್ನು ಬೈಯುತ್ತಾರೆ. ಭಾರತಮ್ಮ ಆ ಸಂಜೆ ರಾಗಿ ಬೀಸುತ್ತಾ ಇದನ್ನೆಲ್ಲ ಯೋಚಿಸಿದಳು. ಒಂದು ಗಿಡ ಉಳಿಯುತ್ತದೆ ಎಂದರೆ ಕುಂಟಿದರೇನು? ಮೂಳೆ ಮುರಿದಾಗ ಕುಂಟಿರಲಿಲ್ಲವೇ?

ಮರುದಿನ ಹಾಲಿನ ಕ್ಯಾನು ಖಾಲಿ ಮಾಡಿ, ಡೈರಿಯ ಮೆಟ್ಟಿಲಿಳಿದು, ಎಡಗಾಲನ್ನು ಎಳೆಯುತ್ತಾ ಹೊರಟಳು. ಒಂದು ಹೆಜ್ಜೆ, ಎರಡು ಹೆಜ್ಜೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

“ಪಾಪ,” ಎಂದಳು ಆಂಜಿನಮ್ಮ. “ನೋವು ಮತ್ತೆ ಬಂದೈತೆ. ನಾವೇ ಏನೇನೋ ಅಂದ್ಕೊಂಡ್ವಿ. ಪಾಪ.”

ಆ ‘ಪಾಪ’ ಭಾರತಮ್ಮನ ಬೆನ್ನಿಗೆ ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಬೈದದ್ದನ್ನು ತಡೆದುಕೊಂಡೂ ಇದ್ದಳು. ಕಾಲು ಮುರಿದಾಗ ಅಂದ ಪಾಪವನ್ನು ಕಣ್ಣಿಗೊತ್ತಿಕೊಂಡಿದ್ದಳು. ಈಗ ಗಟ್ಟಿಮುಟ್ಟಾದ ಕಾಲಿಗೆ ಪಾಪ ಅನ್ನಿಸಿಕೊಂಡು, ಆ ಪಾಪವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಹೂವಿನ ಮುಂದೆ ನಿಲ್ಲಬೇಕೇ? ಅದಕ್ಕಿಂತ ಆ ಖಾಲಿ ಮಂಕರಿಯೇ ವಾಸಿಯಾಗಿತ್ತು. ಖುಷಿಪಡುವುದಕ್ಕೆ ಮೊದಲು ನೋವು ತೋರಿಸಬೇಕು ಎಂದು ಯಾವ ದೇವರು ಬರೆದಿಟ್ಟಿದ್ದಾನೆ?

ಅವಳು ರಸ್ತೆಯ ಮಧ್ಯೆ ನಿಂತಳು. ತಿರುಗಿದಳು.

“ಆಂಜಿನೀ, ನಂಗೆ ಕಾಲು ನೋವಿಲ್ಲ ಕಣೇ.”

“ಹಂಗಾದ್ರೆ ಯಾಕ್ ಕುಂಟ್ತೀಯ?”

“ನೀವು ಸುಮ್ನಿರ್ಲಿ ಅಂತ. ಇನ್ನು ಕುಂಟಲ್ಲ. ನಿಧಿನೂ ಇಲ್ಲ, ಗುಂಡಿ ತೋಡಿದೋರು ಕೇಳಿಸ್ಕೊಳ್ಳಿ. ತೋಟದಲ್ಲಿ ಒಂದು ಹೂವೈತೆ, ಚೆನ್ನಾಗೈತೆ, ಅದನ್ನ ನೋಡೋಕೆ ಹೋಗ್ತೀನಿ. ಬೇಕಾದೋರು ಬನ್ನಿ.”

ಯಾರೂ ಹೋಗಲಿಲ್ಲ. “ಇವಳಿಗೇನು ಪಿಚ್ಚಾ?” ಎಂದು ಯಾರೋ ಹುಚ್ಚು ಎನ್ನುವುದಕ್ಕೆ ತೆಲುಗು ಬೆರೆಸಿ ಅಂದರು. ಅವಳು ಎರಡೂ ಕಾಲು ನೆಟ್ಟಗೆ ಊರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಏರಿ ಹತ್ತಿದಳು.

ಅವಳು ಮನೆ ತಲುಪುವ ಮೊದಲೇ ಮಾತು ಚನ್ನರಾಯಪ್ಪನ ಕಿವಿ ತಲುಪಿತ್ತು. ಅವನು ಕೂಗಾಡಲಿಲ್ಲ, ಮುದ್ದೆ ಮುರಿದು ತಿಂದು ಕೈ ತೊಳೆದ. ಮಾರನೆಯ ಬೆಳಿಗ್ಗೆ ಭಾರತಮ್ಮ ಬೆಟ್ಟದ ಬುಡದಿಂದ ತಿರುಗಿ ಬರುವಾಗ ತೋಟದಿಂದ ಕಡಿಯುವ ಸದ್ದು ಕೇಳಿಸಿತು. ಓಡಿದಳು. ಕೂಲಿಯ ಆವಲಪ್ಪ ದೋಟಿ ಹಿಡಿದು ನಿಂತಿದ್ದ, ಪಕ್ಕದಲ್ಲಿ ಗಂಡ ನಿಂತಿದ್ದ. ಹಳೆಯ ಮರದ ಕೊಂಬೆ ಬೋಳಾಗಿತ್ತು. ತೋಟದ ಬದನಿಕೆಯನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ್ದರು. ಆಂಜಿನಮ್ಮನ ಮೇಕೆಗಳು ಆಗಲೇ ಅದಕ್ಕೆ ಬಾಯಿ ಹಾಕಿದ್ದವು.

ಭಾರತಮ್ಮ ಮೇಕೆಗಳ ನಡುವೆ ನುಗ್ಗಿದಳು. ಒಂದು ಕರಿ ಮೇಕೆಯ ಬಾಯಲ್ಲಿ ಅವಳ ಗಿಡದ ಬೇರಿತ್ತು. ಅದರ ಕೊಂಬು ಹಿಡಿದು, ದವಡೆ ಒತ್ತಿ, ಎಳೆದುಕೊಂಡಳು. ಎಲೆಗಳು ಹರಿದಿದ್ದವು, ಹೂವಿನ ಕಡ್ಡಿ ಮುರಿದಿತ್ತು.

“ಏಯ್, ಬಿಡು ಅದನ್ನ,” ಎಂದ ಚನ್ನರಾಯಪ್ಪ. ಆವಲಪ್ಪನ ಎದುರಿಗೆ ಅವನ ದನಿ ಏರಿತು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಂಗಾಯ್ತು ನಿಂದು.”

ಭಾರತಮ್ಮ ಎದ್ದು ನಿಂತಳು.

“ನಮ್ಮನೇಲಿ ಹೊಟ್ಟೆಗೆ ಹಿಟ್ಟಿಲ್ಲದ ದಿನ ಯಾವುದು ಹೇಳಿ? ಮೂವತ್ತು ವರ್ಷದಿಂದ ಆ ಹಿಟ್ಟು ಬೀಸಿದ್ದು ನಾನು, ಬೇಯಿಸಿದ್ದು ನಾನು. ಜುಟ್ಟಿಗೆ ನಾನು ಹೂವು ಕೇಳಲಿಲ್ಲ. ಕಣ್ಣಿಗೆ ಕೇಳಿದೆ. ಒಂದು ಕೊಂಬೆ ಕೇಳಿದೆ. ಅದನ್ನೂ ಕುಂಟಿದ್ರೆ ಕೊಡ್ತೀನಿ ಅಂದ್ರಿ. ನಿಮ್ಮ ಮರ ನೀವೇ ಇಟ್ಕೊಳ್ಳಿ.”

ಗಿಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ದಾರಿಯಿಂದ ಹೋಗಬಹುದಿತ್ತು. ಅವಳು ಅದನ್ನು ತಲೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲಿ ಹಿಡಿದು, ಊರಿನ ನಡುಬೀದಿಯಲ್ಲಿ ಬಂದಳು. ಜೋತುಬಿದ್ದ ಬೇರು ಕೆನ್ನೆಗೆ ತಾಗುತ್ತಿತ್ತು. ಅರಳಿಕಟ್ಟೆಯ ಮೇಲಿದ್ದವರಲ್ಲಿ ಒಬ್ಬ, “ಅಂತೂ ಭಾರತಮ್ಮನ ತಲೆ ಮೇಲೆ ಹೊರೆ ಬಂತಪ್ಪ” ಎಂದ. ಎಲ್ಲರೂ ನಕ್ಕರು. ಅವಳು ನಿಂತು, ಅವರ ನಗು ಮುಗಿಯುವವರೆಗೂ ಅವರ ಮುಖ ನೋಡಿ, ಮುಂದೆ ನಡೆದಳು.

ಮನೆಯ ಜಗಲಿಗೆ ಮರದ ಕಂಬವೊಂದಿತ್ತು. ಚನ್ನರಾಯಪ್ಪನ ಅಜ್ಜನ ಕಾಲದ್ದು, ಒಣಗಿ ಕಲ್ಲಾದದ್ದು. ಬೀದಿಯಲ್ಲಿ ಹೋಗುವವರಿಗೆಲ್ಲ ಎದ್ದು ಕಾಣುವ ಕಂಬ. ಭಾರತಮ್ಮ ತನ್ನ ಹಳೆಯ ಸೀರೆಯ ಅಂಚು ಹರಿದು ಗಿಡವನ್ನು ಆ ಕಂಬಕ್ಕೆ ಕಟ್ಟಿದಳು. ಸಂಜೆ ಚನ್ನರಾಯಪ್ಪ ಬಂದು ನೋಡಿ, ಬಾಗಿಲಿಗೆ ಬದನಿಕೆ ಕಟ್ಟಿದರೆ ಮನೆ ಉದ್ಧಾರವಾದ ಹಾಗೆಯೇ ಎಂದ. ಅವನು ಬಿಚ್ಚಲೆಂದು ಕೈ ಹಾಕಿದ. ಅವಳು ಒಳಗಿನಿಂದಲೇ, “ಅದನ್ನ ಬಿಚ್ಚಿದ್ರೆ ನನ್ನನ್ನೂ ಕಳಿಸಿಕೊಡಿ” ಎಂದಳು. ಅವಳು ಹೇಳಿದ್ದನ್ನು ಮಾಡುವವಳು ಎಂಬುದು ಈಚೆಗೆ ಅವನಿಗೆ ಮನದಟ್ಟಾಗಿತ್ತು. ಕೈ ತೆಗೆದ.

ಆ ಬೇಸಿಗೆ ಕೆಟ್ಟದಾಗಿತ್ತು. ಎಲೆಗಳು ಒಂದೊಂದಾಗಿ ಹಳದಿಯಾಗಿ ಬಿದ್ದವು. ಉಳಿದವು ಮುದುಕಿಯ ಕೈಯಂತೆ ಸುಕ್ಕಾದವು. ಹಾದುಹೋಗುವವರು, “ಏನ್ ಭಾರತಮ್ಮ, ನಿಧಿ ಒಣಗ್ತಾ ಐತಲ್ಲ?” ಎನ್ನುತ್ತಿದ್ದರು. ಊರ ಬಾಯಿಗೆ ಹೊಲಿಗೆ ಹಾಕಲಾಗುತ್ತದೆಯೇ? ಅವಳು ದಿನಾ ಅಕ್ಕಿ ತೊಳೆದ ನೀರನ್ನು ಬೇರಿಗೆ ಚಿಮುಕಿಸಿ, ಕೈ ಒರೆಸಿಕೊಂಡು, ನಡೆಯಲು ಹೋಗುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಹೋಗುವ ದಾರಿಯಲ್ಲಿ ಹಳೆಯ ಮಾವಿನ ಬೋಳು ಕೊಂಬೆಯನ್ನೂ ನೋಡುತ್ತಿದ್ದಳು. ಸಂಕಟವಾಗುತ್ತಿತ್ತು. ಆದರೂ ಅಂದು ಕುಂಟಿದ್ದರೆ ಚೆನ್ನಾಗಿತ್ತು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಮುಂಗಾರಿನಲ್ಲಿ ಒಂದು ಬೇರಿನ ತುದಿ ಹಸಿರಾಯಿತು. ಅದು ಸೀರೆಯ ಅಂಚನ್ನು ದಾಟಿ ಕಂಬಕ್ಕೆ ಅಂಟಿಕೊಂಡಿತು. ಗೌರಿ ಹಬ್ಬಕ್ಕೆ ಹೊಸ ಎಲೆ. ಮಾಗಿಯ ಚಳಿ ಬಂದು, ಅವರೆ ಹೊಲದಲ್ಲಿ ಸೊಗಡು ಎದ್ದ ಕಾಲಕ್ಕೆ, ಎಲೆಯ ಸಂದಿನಿಂದ ಕಡ್ಡಿಯೊಂದು ಹೊರಟಿತು. ಸಂಕ್ರಾಂತಿ ಕಳೆಯುತ್ತಿದ್ದಂತೆ ಒಣಕಂಬದ ಮೇಲೆ ಚೌಕಳಿ ಹೂವು ಅರಳಿ ನಿಂತಿತು.

ಮೊದಲು ನೋಡಿದವಳು ಆಂಜಿನಮ್ಮ. ಮೂಸಿದಳು, ಇನ್ನೊಮ್ಮೆ ಮೂಸಿದಳು, ಕಂಬವನ್ನು ಬೆರಳಿನಿಂದ ತಟ್ಟಿ ನೋಡಿದಳು.

“ಇದರಲ್ಲಿ ಹೀರೋಕೆ ಏನೈತೆ ಅಕ್ಕಯ್ಯ? ಒಣ ಕಟ್ಟಿಗೆ.”

“ಏನೂ ಇಲ್ಲ,” ಎಂದಳು ಭಾರತಮ್ಮ. “ನಿಂತ್ಕೊಳ್ಳೋಕೆ ಜಾಗ ಕೇಳುತ್ತೆ, ಅಷ್ಟೆ.”

ಆಮೇಲೆ ಒಬ್ಬೊಬ್ಬರೇ ಬಂದರು. ಡೈರಿಗೆ ಹೋಗುವವರು ಕ್ಯಾನು ಇಳಿಸಿ ನೋಡಿದರು. ಗುಂಡಿ ತೋಡಿದ್ದವರಲ್ಲಿ ಒಬ್ಬ ತಾನು ತೋಡಿದವನಲ್ಲ ಎಂಬಂತೆ ಮುಖ ಮಾಡಿಕೊಂಡು ಬಂದು ನೋಡಿದ. ಜಗಲಿಯ ಮುಂದೆ ದಿನಾ ಜನ. ಕೋಲಾರದಲ್ಲಿದ್ದ ಹಗ್ಗವೊಂದಿಲ್ಲ, ಅಷ್ಟೇ ವ್ಯತ್ಯಾಸ. ಚನ್ನರಾಯಪ್ಪ ಜಗಲಿಯ ಇನ್ನೊಂದು ಮೂಲೆಗೆ ಚಾಪೆ ಬದಲಾಯಿಸಿದ. ಹೂವಿನ ವಿಷಯ ಅವನು ಎತ್ತಲಿಲ್ಲ. ಆದರೆ ಮೇಕೆ ಬಂದರೆ ಓಡಿಸುತ್ತಿದ್ದ.

ಕೋದಂಡರಾಮಪ್ಪ ಮಾವಿನ ಹೂವು ನೋಡಿ ಗುತ್ತಿಗೆ ಮಾತಾಡಲು ಬಂದದ್ದು ಆ ವಾರದಲ್ಲಿಯೇ. ಬಿಳಿ ಪಂಚೆ, ಕೈಯಲ್ಲಿ ಟಾರ್ಚಿನಂಥ ಮೊಬೈಲು. ಜಗಲಿಯ ಮೇಲೆ ಕೂತು, ಕಾಫಿ ಕುಡಿಯುತ್ತಾ, ಕಂಬದ ಕಡೆ ಹುಬ್ಬೇರಿಸಿದ. ಸುತ್ತ ಊರಿನ ನಾಲ್ಕು ಜನ ನಿಂತಿದ್ದರು.

“ಇದೇನು ಚನ್ನರಾಯಪ್ಪನೋರೆ? ದೇವರಿಗೆ ಏರಿಸ್ತೀರಾ?”

“ಇಲ್ಲ.”

“ಮತ್ತೆ, ಮಾರ್ತೀರಾ?”

ಚನ್ನರಾಯಪ್ಪ ಕಾಫಿ ಲೋಟದೊಳಕ್ಕೆ ನೋಡಿದ. ಅಷ್ಟರಲ್ಲಿ ಭಾರತಮ್ಮ ಒಳಗಿನಿಂದ ಶಾಲು ಹೊದ್ದುಕೊಂಡು, ಬರಿಗೈಯಲ್ಲಿ ಹೊರಬಂದು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ ಹೊರಟ್ರಮ್ಮ ಇಷ್ಟು ಚಳೀಲಿ?” ಎಂದ ಕೋದಂಡರಾಮಪ್ಪ.

ಅವಳು ಬಾಯಿ ತೆರೆಯುವ ಮೊದಲೇ ಚನ್ನರಾಯಪ್ಪ ಅವಸರದಿಂದ ಹೇಳಿದ, “ಅದೇ, ಹೋದ್ ವರ್ಷ ಕಾಲು ಮುರ್ಕೊಂಡಿದ್ಲು. ಡಾಕ್ಟ್ರು ದಿನಾ ನಡೀಬೇಕು ಅಂದವ್ರೆ. ಇನ್ನೂ ಸ್ವಲ್ಪ ನೋವು...”

“ಅಯ್ಯೋ ಪಾಪ,” ಎಂದ ಕೋದಂಡರಾಮಪ್ಪ.

ಭಾರತಮ್ಮ ಬಾಗಿಲ ಮುಂದಿನ ಚರಂಡಿಯ ಅಂಚಿಗೆ ಬಂದಿದ್ದಳು. ದಾಟಲು ಪಕ್ಕದಲ್ಲೇ ಕಲ್ಲು ಹಾಸಿತ್ತು. ಅವಳು ಕಲ್ಲಿನ ಕಡೆ ಹೋಗಲಿಲ್ಲ. ತಿರುಗಿ ನಿಂತಳು.

“ನೋವೂ ಇಲ್ಲ, ಡಾಕ್ಟ್ರೂ ಹೇಳಿಲ್ಲ ಸ್ವಾಮಿ. ಹೊರಗೆ ಚೆನ್ನಾಗೈತೆ, ಅದಕ್ಕೆ ಹೋಗ್ತೀನಿ. ಹೂವನ್ನೂ ಏನೂ ಮಾಡಲ್ಲ, ನೋಡ್ತೀವಿ.”

ಎಂದವಳೇ ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಗಂಡ, ಗುತ್ತಿಗೆಯವನು, ಊರಿನವರು ಎಲ್ಲರೂ ನೋಡುತ್ತಿದ್ದ ಹಾಗೆಯೇ ಚರಂಡಿಯನ್ನು ಹಾರಿದಳು. ಆಚೆ ದಡದಲ್ಲಿ ಮೊದಲು ಊರಿದ್ದು ಎಡಗಾಲು.